ದುರ್ಬಲರನ್ನು ಬಿಟ್ಟು ಹೊರಡದ ನಾಯಕ

ಮಾನ್ಯ ಸಂಪಾದಕರಿಗೆ,

ಮಂಡ್ಯ, ಮೈಸೂರು ಭಾಗದ ಪ್ರೌಢಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆಗಳು ಮುಗಿದಿರುವ ಈ ಹೊತ್ತಿನಲ್ಲಿ, ಹೊಸದಾಗಿ ಆಯ್ಕೆಯಾದ ವಿದ್ಯಾರ್ಥಿ ನಾಯಕರಿಗೆ ಕಿವಿಮಾತು ಹೇಳುವ ಲೇಖನವೊಂದು ತಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಪ್ರಕಟವಾಗಿದೆ. ನಾಯಕನಾದವನು ಮೊದಲ ದಿನದಿಂದಲೇ ತನ್ನ ಮಾತು ನಡೆಯುವಂತೆ ನೋಡಿಕೊಳ್ಳಬೇಕು, ಮಾತು ಮೀರಿದವರನ್ನು ಗುರುತಿಸಿ ಶಿಕ್ಷಕರ ಗಮನಕ್ಕೆ ತರಬೇಕು, ಹಾಗೆ ಮಾಡಿದರೆ ಉಳಿದವರ ನಿಷ್ಠೆ ತಾನಾಗಿಯೇ ಬರುತ್ತದೆ ಎಂಬುದು ಆ ಲೇಖನದ ಸಾರ. ಬರೆದವರ ಸದುದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ನಿಷ್ಠೆ ಆ ದಾರಿಯಲ್ಲಿ ಬರುತ್ತದೆ ಎಂಬ ಮಾತನ್ನು, ಪ್ರೌಢಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತಳಾದ ನಾನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು, ಈಗಲೂ ಶನಿವಾರದ ಬೆಳಗಿನ ತರಗತಿಗಳು ಮುಗಿದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಕಂತುಕಂತಾಗಿ ಕನ್ನಡದಲ್ಲಿ ಹೇಳುತ್ತಿರುವ ಒಂದು ಕಾದಂಬರಿಯನ್ನು ಮುಂದಿಟ್ಟುಕೊಂಡು ವಿವರಿಸುವುದು ಮೇಲೆಂದು ತೋರಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದ್ದರೆ ತಾವು ಮನ್ನಿಸಬೇಕು.

ಕಾದಂಬರಿಯ ಹೆಸರು ‘ವಾಟರ್‌ಶಿಪ್ ಡೌನ್’. ಇಂಗ್ಲೆಂಡಿನ ರಿಚರ್ಡ್ ಆಡಮ್ಸ್ ಎಂಬ ಸರ್ಕಾರಿ ಅಧಿಕಾರಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಕಾರಿನ ಪ್ರಯಾಣದಲ್ಲಿ ಹೇಳಲಾರಂಭಿಸಿದ ಈ ಕಥೆ, ಹಲವು ಪ್ರಕಾಶಕರು ಬೇಡವೆಂದ ಮೇಲೆ 1972ರಲ್ಲಿ ಪುಸ್ತಕವಾಗಿ ಬಂದು, ಮಕ್ಕಳ ಸಾಹಿತ್ಯಕ್ಕೆ ಆ ದೇಶದಲ್ಲಿ ಕೊಡುವ ಕಾರ್ನೆಗಿ ಪದಕವನ್ನು ಪಡೆಯಿತು. ಪಾತ್ರಗಳೆಲ್ಲ ಮೊಲಗಳು. ಇಲ್ಲಿ ಒಂದು ವಿಷಯವನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕಾಗುತ್ತದೆ: ನಮ್ಮ ಕಬ್ಬಿನ ಗದ್ದೆಯ ಬದುವಿನಿಂದ ಎದ್ದು ಓಡುವ ಕಾಡುಮೊಲ ಬಿಲ ತೋಡುವುದಿಲ್ಲ, ಹಿಂಡು ಕಟ್ಟುವುದಿಲ್ಲ, ಹುಲ್ಲಿನ ಮರೆಯಲ್ಲಿ ಒಂಟಿಯಾಗಿಯೇ ದಿನ ಕಳೆಯುತ್ತದೆ, ಕಾದಂಬರಿಯ ಮೊಲಗಳಾದರೋ ನೆಲದೊಳಗೆ ಕವಲುಕವಲಾದ ಬಿಲಗಳನ್ನು ತೋಡಿ, ಊರು ಕಟ್ಟಿದಂತೆ ಒಟ್ಟಾಗಿ ಬಾಳುವ ಯುರೋಪಿನ ಜಾತಿಯವು. ಒಟ್ಟಾಗಿ ಬಾಳುವ ಕಡೆಯಲ್ಲೇ ಅಲ್ಲವೇ ಯಾರು ಮುಂದೆ ನಡೆಯಬೇಕು, ಉಳಿದವರು ಅವನ ಹಿಂದೆ ಏಕೆ ಹೋಗಬೇಕು ಎಂಬ ಪ್ರಶ್ನೆ ಹುಟ್ಟುವುದು. ಮೊಲಗಳ ಬದುಕನ್ನು ಅಧ್ಯಯನ ಮಾಡಿದ ಆರ್. ಎಂ. ಲಾಕ್ಲಿ ಎಂಬ ನಿಸರ್ಗತಜ್ಞರ 1964ರ ಗ್ರಂಥವನ್ನು ಆಡಮ್ಸ್ ಆಧಾರವಾಗಿಟ್ಟುಕೊಂಡರು. ಆದ್ದರಿಂದಲೇ ಇಲ್ಲಿಯ ಮೊಲಗಳು ಬಟ್ಟೆ ತೊಟ್ಟ ಮನುಷ್ಯರಂತೆ ನಡೆದುಕೊಳ್ಳದೆ, ಮೊಲಗಳಾಗಿಯೇ ಹೆದರುತ್ತವೆ, ಮೊಲಗಳಾಗಿಯೇ ಓಡುತ್ತವೆ.

ಕಥೆಯ ನಾಯಕ ಹೇಜಲ್. ಅವನು ತನ್ನ ಹಳೆಯ ನೆಲೆಯಲ್ಲಿ ಅಧಿಕಾರದಲ್ಲಿದ್ದವನಲ್ಲ, ‘ಔಸ್ಲಾ’ ಎಂದು ಕರೆಯಲಾಗುವ ಕಾವಲುಪಡೆಗೂ ಸೇರಿದವನಲ್ಲ, ವಯಸ್ಸಿನಲ್ಲಿಯೂ ಚಿಕ್ಕವನು. ಮುಂದೆ ಒದಗುವುದು ಮನಸ್ಸಿಗೆ ಹೊಳೆಯುವ ಅವನ ತಮ್ಮ ಫೈವರ್, ಆ ನೆಲೆ ಬೇಗನೆ ನಾಶವಾಗಲಿದೆ ಎಂದು ಎಚ್ಚರಿಸುತ್ತಾನೆ. ಅಲ್ಲಿಯ ಮುಖಂಡ ಆ ಮಾತನ್ನು ಸೌಜನ್ಯದಿಂದಲೇ ಕೇಳಿ, ಸೌಜನ್ಯದಿಂದಲೇ ತಳ್ಳಿಹಾಕುತ್ತಾನೆ. ಆಗ ರಾತ್ರೋರಾತ್ರಿ ಹೊರಟ ಹನ್ನೊಂದು ಮೊಲಗಳ ಗುಂಪಿನಲ್ಲಿ ಹೇಜಲ್‌ನನ್ನು ಯಾರೂ ಆಯ್ಕೆ ಮಾಡುವುದಿಲ್ಲ, ಅವನೂ ತಾನೇ ನಾಯಕನೆಂದು ಸಾರಿಕೊಳ್ಳುವುದಿಲ್ಲ. ಗುಂಪಿನಲ್ಲಿ ಅವನಿಗಿಂತ ದೊಡ್ಡ ಮೈಯ, ಕಾವಲುಪಡೆಯಲ್ಲಿ ಪಳಗಿದ ಬಿಗ್‌ವಿಗ್ ಇದ್ದಾನೆ. ಬಲವೇ ಅಳತೆಗೋಲಾಗಿದ್ದರೆ ಅಧಿಕಾರ ಅವನದೇ ಆಗಬೇಕಿತ್ತು.

ಮೊದಲ ಪರೀಕ್ಷೆ ಎನ್‌ಬೋರ್ನ್ ಎಂಬ ಸಣ್ಣ ನದಿಯ ದಡದಲ್ಲಿ ಎದುರಾಗುತ್ತದೆ. ಕಟ್ಟಿಲ್ಲದ ನಾಯಿಯೊಂದು ಅದೇ ಕಾಡಿನಲ್ಲಿ ತಿರುಗುತ್ತಿದೆ. ಈಜಬಲ್ಲವರು ಒಡನೆ ನದಿ ದಾಟಿಬಿಡಬೇಕು ಎಂಬುದು ಬಿಗ್‌ವಿಗ್‌ನ ಸಲಹೆ. ಆದರೆ ಫೈವರ್ ಮತ್ತು ಗುಂಪಿನಲ್ಲಿಯೇ ಅತಿ ಚಿಕ್ಕವನಾದ ಪಿಪ್‌ಕಿನ್ ಇಬ್ಬರೂ ಈಜಲಾರದಷ್ಟು ಬಳಲಿದ್ದಾರೆ. ಬಿಗ್‌ವಿಗ್‌ನ ಮಾತಿನಲ್ಲಿ ಕ್ರೌರ್ಯವಿಲ್ಲ, ಲೆಕ್ಕಾಚಾರವಿದೆ. ಹನ್ನೊಂದರಲ್ಲಿ ಒಂಬತ್ತು ಉಳಿದರೂ ಉಳಿದಂತೆಯೇ ಎಂಬ ಲೆಕ್ಕಾಚಾರ. ಈ ಘಟ್ಟಕ್ಕೆ ಬಂದಾಗ ನಾನು ಕಥೆ ನಿಲ್ಲಿಸಿ ಮಕ್ಕಳ ಅಭಿಪ್ರಾಯ ಕೇಳಿದೆ. ಹೆಚ್ಚಿನ ಹುಡುಗರು ಬಿಗ್‌ವಿಗ್‌ನ ಪಕ್ಷ ವಹಿಸಿದರು. ಹೇಜಲ್ ಮಾತ್ರ ಅವರಿಬ್ಬರನ್ನು ಬಿಟ್ಟು ತಾನು ಹೊರಡುವುದಿಲ್ಲವೆಂದು ನಿಂತುಬಿಡುತ್ತಾನೆ. ಹಾಗೆ ನಿಂತ ಸ್ವಲ್ಪ ಹೊತ್ತಿನಲ್ಲಿಯೇ, ಬುದ್ಧಿವಂತನಾದ ಬ್ಲ್ಯಾಕ್‌ಬೆರಿಯ ಕಣ್ಣಿಗೆ ದಡದಲ್ಲಿದ್ದ ಹಲಗೆಯ ತುಂಡೊಂದು ಬೀಳುತ್ತದೆ. ಹಲಗೆ ತೇಲುತ್ತದೆ, ಅದರ ಮೇಲೆ ಇಬ್ಬರನ್ನೂ ಕೂರಿಸಿ ಆಚೆಗೆ ತಳ್ಳಬಹುದು ಎಂದು ಅವನಿಗೆ ಹೊಳೆಯುತ್ತದೆ. ಬಹುತೇಕ ಮೊಲಗಳಿಗೆ ಈ ಯೋಚನೆ ಅರ್ಥವೇ ಆಗುವುದಿಲ್ಲ. ಆದರೂ ಕೆಲಸ ನಡೆಯುತ್ತದೆ, ಹನ್ನೊಂದು ಮೊಲಗಳೂ ಆಚೆ ದಡ ಸೇರುತ್ತವೆ.

ಓದುಗರು ಗಮನಿಸಬೇಕಾದ ಸಂಗತಿಯೆಂದರೆ, ಹೇಜಲ್ ಆ ಉಪಾಯವನ್ನು ಕಂಡುಹಿಡಿದವನಲ್ಲ. ಬಿಟ್ಟುಹೋಗುವ ದಾರಿಯನ್ನು ಅವನು ಮುಚ್ಚಿದ್ದರಿಂದ ಬೇರೊಂದು ದಾರಿಯನ್ನು ಹುಡುಕುವುದು ಉಳಿದವರಿಗೆ ಅನಿವಾರ್ಯವಾಯಿತು. ಇಬ್ಬರನ್ನು ಕೈಬಿಡುವುದಕ್ಕೆ ಎಲ್ಲರೂ ಒಪ್ಪಿಬಿಟ್ಟಿದ್ದರೆ ಬ್ಲ್ಯಾಕ್‌ಬೆರಿಯ ಬುದ್ಧಿಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಇನ್ನೊಂದು ಪರಿಣಾಮವೂ ಇದೆ, ಅದು ನಿಧಾನವಾಗಿ ತೋರುವಂಥದು: ಆ ಹೊತ್ತಿನಲ್ಲಿ ಗಟ್ಟಿಯಾಗಿದ್ದ ಪ್ರತಿಯೊಂದು ಮೊಲಕ್ಕೂ, ನಾಳೆ ತಾನೇ ಕಾಲು ಮುರಿದುಕೊಂಡು ಬಿದ್ದರೂ ಇವನು ತನ್ನನ್ನು ಬಿಟ್ಟು ಹೋಗಲಾರ ಎಂಬುದು ಖಚಿತವಾಯಿತು. ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರಗಂಟಿಯ ನ್ಯಾಯವನ್ನು ತೂಬಿನ ಪಕ್ಕದ ಗದ್ದೆಯಲ್ಲಿ ನಿಂತು ಯಾರೂ ಅಳೆಯುವುದಿಲ್ಲ. ನಾಲೆಯ ಕೊನೆಯ ಗದ್ದೆಗೆ ಸರದಿಯ ದಿನ ನೀರು ತಲುಪಿತೇ ಎಂದು ನೋಡಿ ಅಳೆಯುತ್ತಾರೆ, ಮತ್ತು ಕೊನೆಯ ಗದ್ದೆಗೆ ನೀರು ಮುಟ್ಟಿಸುವವನ ಮಾತನ್ನು ತೂಬಿನ ಪಕ್ಕದವನೂ ಮೀರುವುದಿಲ್ಲ.

ಬಿಗ್‌ವಿಗ್‌ನ ಮನಸ್ಸು ಬದಲಾಗುವ ರೀತಿಯೇ ಕಾದಂಬರಿಯ ಅತ್ಯಂತ ಸೂಕ್ಷ್ಮವಾದ ಎಳೆ ಎಂದು ನನ್ನ ಅಭಿಪ್ರಾಯ. ಆರಂಭದಲ್ಲಿ ಅವನು ಹೇಜಲ್‌ನನ್ನು ಮುಖಂಡನೆಂದು ಕರೆಯುವ ದಿನ ಬಂದಾಗ ನೋಡಿಕೊಳ್ಳೋಣ ಎಂಬ ಧಾಟಿಯಲ್ಲಿ ಹಗುರವಾಗಿ ಮಾತನಾಡುತ್ತಾನೆ. ಹೇಜಲ್ ಅದಕ್ಕೆ ಪ್ರತಿಯಾಗಿ ಬಲಾಬಲದ ಪರೀಕ್ಷೆಗೆ ಇಳಿಯುವುದಿಲ್ಲ, ನಾಲ್ಕು ಜನರ ಮುಂದೆ ಅವನನ್ನು ಕುಗ್ಗಿಸುವುದಿಲ್ಲ, ಅವನ ಬಲ ಎಲ್ಲಿ ಬೇಕೋ ಅಲ್ಲಿ ಅವನನ್ನೇ ಮುಂದೆ ನಿಲ್ಲಿಸುತ್ತಾನೆ. ಓಡುವುದರಲ್ಲಿ ಚುರುಕಾದ, ಕಥೆ ಹೇಳುವುದರಲ್ಲಿ ಅದಕ್ಕಿಂತ ಚುರುಕಾದ ಡ್ಯಾಂಡಿಲಿಯನ್‌ನಿಗೆ, ಹೆದರಿ ಕುಳಿತ ಗುಂಪಿನ ಧೈರ್ಯ ಉಳಿಸುವ ಕೆಲಸ ಬರುತ್ತದೆ. ಗಿಡುಗದ ಬಾಯಿಂದ ತಪ್ಪಿಸಿಕೊಂಡ ಇಲಿಗೂ ಹೇಜಲ್ ತನ್ನ ಬಿಲದಲ್ಲಿ ಜಾಗ ಕೊಡುತ್ತಾನೆ. ಗಾಯಗೊಂಡು ಹಾರಲಾರದೆ ಬಿದ್ದಿದ್ದ ಕೆಹಾರ್ ಎಂಬ ಕಡಲಹಕ್ಕಿಗೆ ಆಹಾರ ಒದಗಿಸುವಂತೆ ಮಾಡುತ್ತಾನೆ. ಇಲಿಯಿಂದ ಮೊಲಗಳಿಗೇನು ಪ್ರಯೋಜನ ಎಂದು ಜೊತೆಯವರಿಗೆ ಆಶ್ಚರ್ಯ. ಮುಂದೆ ಶತ್ರುಗಳು ಹತ್ತಿರ ಬಂದಾಗ ಮೊದಲು ಬಂದು ಸುಳಿವು ಕೊಡುವುದು ಅದೇ ಇಲಿ, ದೂರದೂರ ಹಾರಿ ಬೇರೆ ನೆಲೆಗಳನ್ನು ಹುಡುಕಿಕೊಡುವುದು ಅದೇ ಹಕ್ಕಿ. ಇಲ್ಲಿ ನನ್ನದೊಂದು ಸಣ್ಣ ತಕರಾರಿದೆ: ಮಾಡಿದ ಉಪಕಾರಕ್ಕೆ ಪ್ರತಿಫಲ ಹೀಗೆ ಪ್ರತಿ ಸಲವೂ ಅಚ್ಚುಕಟ್ಟಾಗಿ ಮರಳಿ ಬರುವುದು ಕಥೆಯಲ್ಲಿ ಮಾತ್ರ. ಆದರೆ ಹೇಜಲ್ ಇಲಿಯನ್ನು ಒಳಗೆ ಕರೆದಾಗ ಅವನಿಗೆ ಆ ಲೆಕ್ಕವೇನೂ ಇರಲಿಲ್ಲ, ಕಣ್ಣೆದುರು ಒಂದು ಜೀವ ಹೋಗುತ್ತಿತ್ತು ಅಷ್ಟೇ.

ನ್ಯಾಯವಂತನಾದ ನಾಯಕನಿಗೆ ತನ್ನವರು ಎಂಬ ಪಕ್ಷಪಾತ ಇರಬಾರದು ಎನ್ನುತ್ತೇವೆ. ಫೈವರ್ ಹೇಜಲ್‌ನ ಸ್ವಂತ ತಮ್ಮ. ತಮ್ಮನ ಮಾತನ್ನು ಅಣ್ಣ ಎಷ್ಟು ಕೇಳಬೇಕು ಎಂಬ ಪ್ರಶ್ನೆಯನ್ನು ಕಾದಂಬರಿ ಸುಲಭವಾಗಿ ಬಿಡಿಸುವುದಿಲ್ಲ. ದಾರಿಯಲ್ಲಿ ಸಿಗುವ ಒಂದು ಸಮೃದ್ಧವಾದ ನೆಲೆಯಲ್ಲಿ ಮೊಲಗಳೆಲ್ಲ ಕೊಬ್ಬಿ ನಯವಾಗಿವೆ, ಯಾರೋ ರೈತನೊಬ್ಬ ತಿನ್ನಲು ತಂದು ಸುರಿಯುತ್ತಾನೆ, ಮತ್ತು ಅಲ್ಲಿ ಆಗಾಗ ಕಾಣೆಯಾಗುವ ಮೊಲಗಳ ಬಗ್ಗೆ ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ಅಲ್ಲಿ ನಿಲ್ಲುವುದೇ ಬೇಡ ಎಂದು ಫೈವರ್ ಅಂಗಲಾಚುತ್ತಾನೆ. ಹೇಜಲ್ ಹೆಚ್ಚಿನವರ ಇಷ್ಟದಂತೆ ನಡೆದು ಅಲ್ಲಿಯೇ ಉಳಿಯುತ್ತಾನೆ. ಪರಿಣಾಮವಾಗಿ ಬಿಗ್‌ವಿಗ್ ತಂತಿಯ ಉರುಲಿಗೆ ಸಿಕ್ಕಿ ಸಾವಿನ ಅಂಚಿಗೆ ಹೋಗುತ್ತಾನೆ. ಆ ನೆಲೆಯ ಸುಖವೆಲ್ಲವೂ, ಆಗಾಗ ಮೊಲಗಳನ್ನು ಹಿಡಿಯಲೆಂದು ಉರುಲು ಹೂಡುತ್ತಿದ್ದ ಆ ರೈತನೇ ಕೊಡುತ್ತಿದ್ದ ಬಾಡಿಗೆ ಎಂಬುದು ಆಗ ತಿಳಿಯುತ್ತದೆ. ಅಂದರೆ ತಮ್ಮನ ಮಾತನ್ನು ಹೇಜಲ್ ತಮ್ಮನದೆಂಬ ಕಾರಣಕ್ಕೆ ಮೇಲಿಡಲಿಲ್ಲ, ಇಡದಿದ್ದುದರಿಂದ ತಪ್ಪೂ ಆಯಿತು. ಆ ಬಳಿಕ ಫೈವರ್‌ನ ಮಾತಿಗೆ ಎಲ್ಲರೂ ತೂಕ ಕೊಡುವುದು ಅವನು ನಾಯಕನ ತಮ್ಮನೆಂದಲ್ಲ, ಅವನ ಮಾತು ಎಲ್ಲರ ಕಣ್ಣೆದುರು ನಿಜವಾಯಿತೆಂದು. ಪಕ್ಷಪಾತವಿಲ್ಲದಿರುವುದೆಂದರೆ ತನ್ನವರನ್ನು ದೂರವಿಡುವುದೂ ಅಲ್ಲ ಎಂಬ ಈ ಸೂಕ್ಷ್ಮವನ್ನು ಹದಿನಾಲ್ಕು ವರ್ಷದ ಮಕ್ಕಳು ಎಷ್ಟು ಬೇಗ ಹಿಡಿದರೆಂದರೆ ನನಗೇ ಸೋಜಿಗವಾಯಿತು.

ಆ ಉರುಲಿನ ನೆಲೆಯಿಂದ ಸ್ಟ್ರಾಬೆರಿ ಎಂಬ ಮೊಲ ತನ್ನನ್ನೂ ಕರೆದೊಯ್ಯುವಂತೆ ಬೇಡುತ್ತಾನೆ. ಅವನೂ ಎಲ್ಲವನ್ನೂ ತಿಳಿದು ಸುಮ್ಮನಿದ್ದವನೇ. ಆದರೂ ಹೇಜಲ್ ಅವನನ್ನು ಸೇರಿಸಿಕೊಳ್ಳುತ್ತಾನೆ. ಹಳೆಯ ನೆಲೆಯಿಂದ ಹೊರಡುವ ರಾತ್ರಿ ಇವರನ್ನು ಬಂಧಿಸಲು ಬಂದಿದ್ದ ಕಾವಲುಪಡೆಯ ದಳಪತಿ ಹಾಲಿ, ಆ ನೆಲೆಯನ್ನು ಮನುಷ್ಯರು ವಿಷದ ಹೊಗೆಯಿಂದ ನಾಶಮಾಡಿದ ಮೇಲೆ ಜರ್ಜರಿತನಾಗಿ ಬಂದು ಸೇರಿದಾಗ, ಹೇಜಲ್ ಹಳೆಯದನ್ನು ಎತ್ತಿ ಆಡುವುದಿಲ್ಲ; ಮುಂದೆ ದೂರದ ನೆಲೆಗೆ ಹೋಗುವ ರಾಯಭಾರದ ಮುಂದಾಳತ್ವವನ್ನೇ ಅವನಿಗೆ ಒಪ್ಪಿಸಲಾಗುತ್ತದೆ. ಈ ಭಾಗವನ್ನು ಓದುವಾಗ, ಕಬ್ಬು ಕಟಾವಿಗೆಂದು ಬೇರೆ ಜಿಲ್ಲೆಗಳಿಂದ ಬರುವ ಕುಟುಂಬಗಳ ಮಕ್ಕಳು ವರ್ಷದ ನಡುವೆ ನಮ್ಮ ಶಾಲೆಗಳಿಗೆ ಸೇರಿ, ಕೊನೆಯ ಬೆಂಚಿನಲ್ಲಿ ಯಾರ ಪರಿಚಯವೂ ಇಲ್ಲದೆ ಕುಳಿತಿರುವುದು ನನ್ನ ನೆನಪಿಗೆ ಬಾರದೆ ಇರದು. ಅಂಥ ಮಗುವನ್ನು ಆಟಕ್ಕೆ ಕರೆದವರು ಯಾರು ಎಂಬುದೇ ತರಗತಿಯ ನಾಯಕನನ್ನು ಆರಿಸಲು ಸಾಕಾದ ಪರೀಕ್ಷೆ.

ಹೇಜಲ್ ತಪ್ಪೇ ಮಾಡದ ಮಹಾಪುರುಷನಲ್ಲ. ಹಾಲಿಯ ತಂಡ ಹೊರಗೆ ಹೋಗಿದ್ದಾಗ, ಅವರು ಹಿಂತಿರುಗುವ ಮೊದಲೇ ತಾನೂ ಏನನ್ನಾದರೂ ಸಾಧಿಸಿ ತೋರಿಸಬೇಕೆಂಬ ಆಸೆ ಅವನ ಮನಸ್ಸಿನಲ್ಲಿ ಮೂಡುತ್ತದೆ; ನಟ್‌ಹ್ಯಾಂಗರ್ ಎಂಬ ತೋಟದಮನೆಯಲ್ಲಿ ಗೂಡಿನೊಳಗೆ ಸಾಕಿದ್ದ ಮೊಲಗಳನ್ನು ಬಿಡಿಸಿ ತರಲು ಹೊರಡುತ್ತಾನೆ. ಫೈವರ್ ಬೇಡವೆನ್ನುತ್ತಾನೆ, ಅವನು ಕೇಳುವುದಿಲ್ಲ. ಗುಂಡಿನ ಚೂರುಗಳು ಹಿಂಗಾಲಿಗೆ ತಗುಲಿ, ಸತ್ತನೆಂದೇ ಎಲ್ಲರೂ ಭಾವಿಸಿದ ಮೇಲೆ ತಮ್ಮನೇ ಹುಡುಕಿಕೊಂಡು ಹೋಗಿ ಚರಂಡಿಯ ಕೊಳವೆಯಿಂದ ಅವನನ್ನು ಹೊರತರುತ್ತಾನೆ. ಅಲ್ಲಿಂದ ಮುಂದೆ ಹೇಜಲ್ ಕುಂಟುವ ನಾಯಕ. ಈ ಪ್ರಸಂಗದ ಬಗ್ಗೆ ಮಕ್ಕಳಲ್ಲಿ ಬಿರುಸಾದ ಚರ್ಚೆ ನಡೆಯಿತು. ತಮ್ಮನ ಮಾತು ಕೇಳದೆ ಗುಂಪನ್ನು ಅಪಾಯಕ್ಕೆ ಒಡ್ಡಿದವನನ್ನು ನಾಯಕತ್ವದಿಂದ ಇಳಿಸಬೇಕಿತ್ತು ಎಂದು ಒಬ್ಬ ಹುಡುಗ ವಾದಿಸಿದ. ಅದಕ್ಕೆ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಮೇಡಂ, ಅವನು ಬೇರೆಯವರನ್ನು ಮುಂದೆ ಕಳಿಸಿ ಹಿಂದೆ ಉಳಿಯಲಿಲ್ಲವಲ್ಲ, ಗುಂಡು ಅವನಿಗೇ ತಾನೇ ಬಿದ್ದದ್ದು” ಎಂದಳು. ನನಗೆ ಅವಳ ಮಾತು ಸರಿಯೆನಿಸಿತು. ತಪ್ಪಿನ ಬೆಲೆಯನ್ನು ತಾನೇ ತೆತ್ತವನ ಮೇಲಿನ ವಿಶ್ವಾಸ ಅಷ್ಟು ಸುಲಭವಾಗಿ ಕಡಿಮೆಯಾಗುವುದಿಲ್ಲ. ತನ್ನ ತಪ್ಪಿನ ಬೆಲೆಯನ್ನು ಇನ್ನೊಬ್ಬರಿಂದ ತೆರಿಸುವವನ ಮೇಲಿನ ವಿಶ್ವಾಸ ಒಂದೇ ಸಲಕ್ಕೆ ಹೋಗಿಬಿಡುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಎಫ್ರಾಫಾ ಎಂಬ ನೆಲೆ, ಮತ್ತು ಅದರ ಸೇನಾನಿ ವೂಂಡ್‌ವರ್ಟ್. ಅವನ ಬಗ್ಗೆಯೂ ನ್ಯಾಯವಾಗಿಯೇ ಮಾತನಾಡಬೇಕು. ಮನುಷ್ಯನ ಗುಂಡಿಗೆ ತಂದೆಯನ್ನೂ ಕಾಡುಪ್ರಾಣಿಯ ಬಾಯಿಗೆ ತಾಯಿಯನ್ನೂ ಮರಿಯಾಗಿದ್ದಾಗಲೇ ಕಳೆದುಕೊಂಡ ಅವನು, ತನ್ನ ಪ್ರಜೆಗಳು ಮನುಷ್ಯನ ಕಣ್ಣಿಗೇ ಬೀಳದಂತಹ ನೆಲೆಯೊಂದನ್ನು ಕಟ್ಟಿದ್ದಾನೆ. ಅಲ್ಲಿ ಹಸಿವಿಲ್ಲ, ಹೊರಗಿನ ಶತ್ರುವಿನ ಭಯವೂ ಬಹುಮಟ್ಟಿಗೆ ಇಲ್ಲ. ಅವನು ಅಂಜುಬುರುಕನಲ್ಲ, ಹಿಂದೆ ನಿಂತು ಅಪ್ಪಣೆ ಕೊಡುವವನಲ್ಲ, ಅವನ ದಳಪತಿಗಳು ಅವನನ್ನು ನಿಜವಾಗಿ ಮೆಚ್ಚುತ್ತಾರೆ. ಆದರೆ ಆ ಭದ್ರತೆಗಾಗಿ ಪ್ರತಿ ಮೊಲದ ಮೈಮೇಲೂ ಕಚ್ಚಿದ ಗುರುತೊಂದನ್ನು ಮೂಡಿಸಿ, ಗುರುತಿನ ಪ್ರಕಾರ ಗುಂಪು ಮಾಡಿ, ಯಾವ ಗುಂಪು ಯಾವ ಹೊತ್ತಿನಲ್ಲಿ ಹೊರಗೆ ಬಂದು ಮೇಯಬೇಕೆಂಬುದನ್ನೂ ಗೊತ್ತುಮಾಡಲಾಗಿದೆ. ತಪ್ಪಿಸಿಕೊಳ್ಳಲು ಯತ್ನಿಸಿದ ಬ್ಲ್ಯಾಕಾವರ್‌ನ ಕಿವಿಗಳನ್ನು ಹರಿದು, ಉಳಿದವರು ನೋಡಿ ಕಲಿಯಲೆಂದು ಬಿಲದ ಬಾಯಿಯಲ್ಲಿ ನಿಲ್ಲಿಸಲಾಗುತ್ತದೆ. ನೆಲೆಯಲ್ಲಿ ಜಾಗ ಸಾಲದಾಗಿದೆ, ನಮ್ಮನ್ನು ಬೇರೆಡೆಗೆ ಹೋಗಲು ಬಿಡಿ ಎಂದು ಹೈಜೆನ್‌ತ್ಲೇ ಎಂಬ ಹೆಣ್ಣುಮೊಲ ತನ್ನ ಗೆಳತಿಯರೊಡನೆ ವಿಧಿವತ್ತಾಗಿ ಕೇಳಿಕೊಂಡರೂ ಅನುಮತಿ ಸಿಗುವುದಿಲ್ಲ.

ತರಗತಿಯಲ್ಲಿ ಶಿಕ್ಷಕರು ಇಲ್ಲದಾಗ ಮಾತನಾಡಿದವರ ಹೆಸರನ್ನು ಲೀಡರ್ ಬೋರ್ಡಿನ ಮೇಲೆ ಬರೆಯುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಬಿಲದ ಬಾಯಿಯಲ್ಲಿ ನಿಂತ ಬ್ಲ್ಯಾಕಾವರ್‌ನ ಕಥೆ ಕೇಳಿದ ದಿನ ಮಕ್ಕಳು ತಾವಾಗಿಯೇ ಈ ಮಾತನ್ನು ತೆಗೆದರು. ಬೋರ್ಡಿನ ಮೇಲೆ ಲೀಡರ್‌ನ ಸ್ನೇಹಿತರ ಹೆಸರು ಬರುವುದಿಲ್ಲ, ಅವನೊಡನೆ ಜಗಳವಾಡಿದವರ ಹೆಸರು ಮೊದಲು ಬರುತ್ತದೆ, ಹೆಸರು ಅಳಿಸಬೇಕಾದರೆ ಅವನನ್ನು ಒಲಿಸಿಕೊಳ್ಳಬೇಕಾಗುತ್ತದೆ ಎಂದು ಒಬ್ಬೊಬ್ಬರೂ ಹೇಳುತ್ತಾ ಹೋದರು. ತಮ್ಮ ಪುರವಣಿಯ ಲೇಖನ ಸಲಹೆ ಮಾಡಿರುವುದು ಇದನ್ನೇ. ತರಗತಿ ಅದರಿಂದ ನಿಶ್ಶಬ್ದವಾಗಬಹುದು, ಆದರೆ ಆ ನಿಶ್ಶಬ್ದವನ್ನು ನಿಷ್ಠೆಯೆಂದು ಭಾವಿಸಿದರೆ ಮೋಸಹೋಗುತ್ತೇವೆ. ಲೀಡರ್ ಒಂದು ದಿನ ಶಾಲೆಗೆ ಬಾರದಿದ್ದರೆ ತರಗತಿಯಲ್ಲಿ ಏನಾಗುತ್ತದೆಂಬುದು ಪ್ರತಿಯೊಬ್ಬ ಶಿಕ್ಷಕರಿಗೂ ಗೊತ್ತು.

ನಾಯಕ ಎದುರಿಗಿಲ್ಲದಾಗ ಏನಾಗುತ್ತದೆ ಎಂಬುದೇ ಕಾದಂಬರಿಯ ಕೊನೆಯ ಕದನದ ತಿರುಳು. ಬಿಗ್‌ವಿಗ್ ಎಫ್ರಾಫಾದೊಳಗೆ ಹೊಕ್ಕು ಹೈಜೆನ್‌ತ್ಲೇಯನ್ನೂ ಅವಳ ಗೆಳತಿಯರನ್ನೂ ಬಿಡಿಸಿ ತಂದ ಮೇಲೆ, ಎಫ್ರಾಫಾದ ಪಡೆ ಬಂದು ಹೇಜಲ್‌ನ ಗುಂಪು ಹೊಸದಾಗಿ ನೆಲೆಸಿದ್ದ ವಾಟರ್‌ಶಿಪ್ ಡೌನ್ ಎಂಬ ಗುಡ್ಡವನ್ನು ಮುತ್ತುತ್ತದೆ. ಹೇಜಲ್ ತನ್ನ ಕುಂಟುಗಾಲಿನಲ್ಲಿಯೇ ಬ್ಲ್ಯಾಕ್‌ಬೆರಿ ಮತ್ತು ಡ್ಯಾಂಡಿಲಿಯನ್‌ರೊಡನೆ ನುಸುಳಿಕೊಂಡು ಅದೇ ತೋಟದಮನೆಗೆ ಹೋಗಿ, ಅಲ್ಲಿ ಕಟ್ಟಿಹಾಕಿದ್ದ ನಾಯಿಯನ್ನು ಬಿಡಿಸಿ ಶತ್ರುಗಳ ಮೇಲೆ ಬರಮಾಡುವ ಉಪಾಯ ಹೂಡುತ್ತಾನೆ. ಓಡಬಲ್ಲ ಇಬ್ಬರೂ ನಾಯಿಯನ್ನು ಹಿಂದೆ ಬರಿಸಿಕೊಂಡು ಓಡಬೇಕು. ಓಡಲಾರದ ತಾನು ನಾಯಿಯ ಬಳಿಗೇ ಹೋಗಿ ಹಗ್ಗವನ್ನು ಕಡಿಯಬೇಕು. ಇತ್ತ ಗುಡ್ಡದೊಳಗಿನ ಇಕ್ಕಟ್ಟಾದ ಸುರಂಗದಲ್ಲಿ ಬಿಗ್‌ವಿಗ್ ಒಬ್ಬನೇ ವೂಂಡ್‌ವರ್ಟ್‌ನನ್ನು ತಡೆದು ನಿಂತು, ಇಬ್ಬರೂ ರಕ್ತ ಸುರಿಸುವಷ್ಟು ಹೋರಾಡುತ್ತಾರೆ. ಶರಣಾಗೆಂದು ಕರೆದಾಗ ಬಿಗ್‌ವಿಗ್, ಈ ದಾರಿಯನ್ನು ಕಾಯಲು ತನ್ನ ಮುಖಂಡನ ಅಪ್ಪಣೆಯಾಗಿದೆ, ಅವನು ಬೇರೆ ಹೇಳುವವರೆಗೂ ತಾನು ಇಲ್ಲಿಂದ ಕದಲುವುದಿಲ್ಲ ಎಂಬರ್ಥದ ಮಾತನ್ನಾಡುತ್ತಾನೆ.

ವೂಂಡ್‌ವರ್ಟ್ ಆ ಮಾತಿಗೆ ದಿಗ್ಭ್ರಮೆಗೊಳ್ಳುತ್ತಾನೆ. ಇಷ್ಟು ಬಲಶಾಲಿಯಾದ ಇವನೇ ಮುಖಂಡನೆಂದು ಅವನು ಅಲ್ಲಿಯವರೆಗೂ ನಂಬಿದ್ದ. ಇವನಿಗೂ ಒಬ್ಬ ಮುಖಂಡನಿದ್ದರೆ, ಆ ಮುಖಂಡ ಇವನಿಗಿಂತಲೂ ದೊಡ್ಡ ಮೈಯವನು, ಇವನಿಗಿಂತಲೂ ಭಯಂಕರನು ಆಗಿರಲೇಬೇಕು, ಅವನು ಈಗ ಎಲ್ಲಿ ಹೊಂಚುಹಾಕಿದ್ದಾನೋ ಎಂಬ ಯೋಚನೆಯೇ ಅವನ ಪಡೆಯ ಆತ್ಮಸ್ಥೈರ್ಯವನ್ನು ಅಲುಗಾಡಿಸುತ್ತದೆ. ಬಲವಿಲ್ಲದವನಿಗೆ ಬಲಿಷ್ಠನೊಬ್ಬ ಮನಸಾರೆ ತಲೆಬಾಗಬಹುದು ಎಂಬ ಸಾಧ್ಯತೆಯೇ ಅವನ ಬುದ್ಧಿಗೆ ನಿಲುಕುವುದಿಲ್ಲ. ಹಿಂದೆ ಹಗುರವಾಗಿ ಮಾತನಾಡಿದ್ದ ಬಿಗ್‌ವಿಗ್, ಹೇಜಲ್ ಗುಡ್ಡದಿಂದ ದೂರ ಇರುವ ಹೊತ್ತಿನಲ್ಲಿ, ಅವನು ಬದುಕಿದ್ದಾನೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ, ಅವನನ್ನು ಮುಖಂಡನೆಂದು ಕರೆದ. ಅವನ ಬಾಯಿಂದ ಆ ಮಾತನ್ನು ಹೊರಡಿಸಿದ್ದು ಎನ್‌ಬೋರ್ನ್ ನದಿಯ ದಡದಲ್ಲಿ ಪಿಪ್‌ಕಿನ್‌ನ ಪಕ್ಕ ಹೇಜಲ್ ನಿಂತುಬಿಟ್ಟ ಆ ಗಳಿಗೆ ಎಂದು ನಾನು ನಂಬಿದ್ದೇನೆ. ನಾಯಿ ಬಂದ ಮೇಲೆ ಎಫ್ರಾಫಾದ ಸೈನಿಕರು ಚದುರಿ ಓಡಿದ್ದನ್ನು ಮಾತ್ರ ಭಯದ ಆಳ್ವಿಕೆಯ ಸೋಲೆಂದು ನಾನು ಎಣಿಸುವುದಿಲ್ಲ. ನಾಯಿಯ ಮುಂದೆ ಯಾವ ಮೊಲವಾದರೂ ಓಡುತ್ತದೆ, ಓಡದೆ ನಿಂತ ವೂಂಡ್‌ವರ್ಟ್‌ನ ಧೈರ್ಯವನ್ನು ಲೇಖಕರೂ ಗೌರವದಿಂದಲೇ ಚಿತ್ರಿಸಿದ್ದಾರೆ. ಸೋಲು ಆಗಿದ್ದು ಅದಕ್ಕೆ ಮುಂಚೆ, ಸುರಂಗದೊಳಗೆ.

ಮುತ್ತಿಗೆಗೆ ಮುನ್ನ ಹೇಜಲ್ ಒಬ್ಬನೇ ಶತ್ರುವಿನ ಎದುರಿಗೆ ಹೋಗಿ, ಎರಡೂ ನೆಲೆಗಳ ನಡುವೆ ಇಬ್ಬರ ಕಡೆಯ ಮೊಲಗಳೂ ಸೇರಿ ಹೊಸ ನೆಲೆಯೊಂದನ್ನು ಕಟ್ಟಬಹುದಲ್ಲವೇ ಎಂದು ಕೇಳುವ ಪ್ರಸಂಗವನ್ನು ಇಲ್ಲಿ ಬಿಡುವಂತಿಲ್ಲ. ವೂಂಡ್‌ವರ್ಟ್ ಒಂದು ಕ್ಷಣ ಆ ಮಾತಿನ ಸೊಗಸನ್ನು ಕಂಡು, ಮರುಕ್ಷಣ ತಿರಸ್ಕರಿಸುತ್ತಾನೆ. ಕದನ ಮುಗಿದು, ಶರಣಾದ ಎಫ್ರಾಫಾದವರನ್ನೂ ತಮ್ಮವರಾಗಿ ಉಳಿಸಿಕೊಂಡ ಮೇಲೆ, ಅದೇ ಯೋಜನೆ ಕೈಗೂಡುತ್ತದೆ. ಹೊಸ ನೆಲೆಗೆ ಮುಖಂಡನಾಗುವವನು ಹೇಜಲ್‌ನ ಆಪ್ತರಲ್ಲಿ ಒಬ್ಬನಲ್ಲ, ಶರಣಾದವರಲ್ಲಿ ಒಬ್ಬನಾದ ಗ್ರೌಂಡ್‌ಸೆಲ್.

ಕಾದಂಬರಿಯಲ್ಲಿ ನನಗೆ ಒಪ್ಪಿಗೆಯಾಗದ ಅಂಶವೂ ಒಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಹೊಸ ನೆಲೆ ಕಟ್ಟಿದ ಮೇಲಷ್ಟೇ ಗಂಡುಮೊಲಗಳಿಗೆ ಹೆಣ್ಣುಮೊಲಗಳ ನೆನಪಾಗುತ್ತದೆ, ಅದೂ ಸಂತತಿ ಬೆಳೆಯಬೇಕೆಂಬ ಕಾರಣಕ್ಕೆ. ಇಷ್ಟು ನ್ಯಾಯವಂತನಾದ ಹೇಜಲ್ ಹೊರಡುವ ರಾತ್ರಿ ಒಬ್ಬ ಹೆಣ್ಣುಮೊಲವನ್ನೂ ಏಕೆ ಕರೆಯಲಿಲ್ಲ ಎಂದು ನಮ್ಮ ಹುಡುಗಿಯರು ಕೇಳಿದಾಗ ನನ್ನ ಬಳಿ ಸಮ್ಮತವಾದ ಉತ್ತರವಿರಲಿಲ್ಲ. ಆದರೆ ಹೈಜೆನ್‌ತ್ಲೇಯ ಪಾತ್ರವನ್ನು ನಾನು ಅವರ ಗಮನಕ್ಕೆ ತಂದೆ. ಅಧಿಕಾರವೂ ರಕ್ಷಣೆಯೂ ಇಲ್ಲದ ಕಡೆ, ಗೂಢಚಾರರ ನಡುವೆ, ಗೆಳತಿಯರ ಧೈರ್ಯವನ್ನು ತಿಂಗಳುಗಟ್ಟಲೆ ಹಿಡಿದಿಟ್ಟು, ಹೊರಗಿನಿಂದ ಬಂದ ಬಿಗ್‌ವಿಗ್‌ನನ್ನು ನಂಬಬಹುದೇ ಎಂದು ಅಳೆದು ನೋಡಿ, ಹೊರಡುವ ಗಳಿಗೆಯಲ್ಲಿ ಎಲ್ಲರನ್ನೂ ಒಟ್ಟುಗೂಡಿಸಿದವಳು ಅವಳು. ನಾಯಕಿಯೆಂಬ ಬಿರುದನ್ನು ಲೇಖಕರು ಅವಳಿಗೆ ಕೊಟ್ಟಿಲ್ಲ, ಕೊಡಬೇಕಿತ್ತು.

ನಿಷ್ಠೆಯ ಕಥೆಗಳು ನಮ್ಮ ನೆಲಕ್ಕೆ ಹೊಸವಲ್ಲ. ಉಂಡ ಅನ್ನದ ಋಣಕ್ಕಾಗಿ ಪ್ರಾಣ ಕೊಡುವ ಜೋಳದ ಪಾಳಿಯನ್ನೂ, ಒಡೆಯನೊಡನೆ ಸಾಯುವ ಪ್ರತಿಜ್ಞೆಯಾದ ವೇಳೆವಾಳಿಯನ್ನೂ ನಮ್ಮ ವೀರಗಲ್ಲುಗಳು ಸಾರುತ್ತವೆ. ನಮ್ಮ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವೆ ನೆಟ್ಟ ಕಲ್ಲು, ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಮಡಿದುದರ ನೆನಪಿಗೆ ನಿಂತದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನನ್ನು ಗಂಗರ ಬೂತುಗ ಮೆಚ್ಚಿ, ಏನು ಬೇಕೆಂದು ಕೇಳಿದಾಗ, ಅವನು ಬೇಡಿ ಪಡೆದದ್ದು ಈ ನಾಯಿಯನ್ನು; ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದು ಬಹುಮಟ್ಟಿಗೆ ಅನ್ನ ಕೊಟ್ಟವನಿಗೆ, ಆಶ್ರಯ ಕೊಟ್ಟವನಿಗೆ ಸಲ್ಲುವ ನಿಷ್ಠೆ. ಹೇಜಲ್ ಯಾರಿಗೂ ಅನ್ನ ಕೊಡಲಿಲ್ಲ, ಕೊಡಲು ಅವನ ಬಳಿ ಏನೂ ಇರಲಿಲ್ಲ. ಹುಲ್ಲು ಎಲ್ಲರಿಗೂ ಸಮನಾಗಿ ಬಯಲಲ್ಲಿತ್ತು. ಋಣವಿಲ್ಲದ ಕಡೆಯಲ್ಲಿಯೂ ನಿಷ್ಠೆ ಹುಟ್ಟಬಲ್ಲದು ಎಂಬುದನ್ನು ಈ ಮೊಲಗಳ ಕಥೆ ತೋರಿಸುತ್ತದೆ, ಮತ್ತು ಇಂದಿನ ನಮ್ಮ ಶಾಲೆ, ಸಂಘ, ಪಂಚಾಯಿತಿಗಳಿಗೆ ಬೇಕಾಗಿರುವುದು ಆ ಬಗೆಯದೇ.

ಇದೆಲ್ಲ ಕಲ್ಪನೆಯ ಮಾತು ಎನ್ನುವವರಿಗೆ ಒಂದು ವಿವರ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಂದ ಇಳಿದು ಹೋರಾಡುವ ಬ್ರಿಟಿಷ್ ಪಡೆಯ ಸರಬರಾಜು ತುಕಡಿಯಲ್ಲಿ ಸೇವೆ ಸಲ್ಲಿಸಿದ್ದ ಆಡಮ್ಸ್, ಹೇಜಲ್‌ನನ್ನು ತಮ್ಮ ತುಕಡಿಯ ಮುಖ್ಯಸ್ಥರಾಗಿದ್ದ ಮೇಜರ್ ಜಾನ್ ಗಿಫರ್ಡ್ ಅವರ ಮಾದರಿಯಲ್ಲಿ, ಬಿಗ್‌ವಿಗ್‌ನನ್ನು ಕ್ಯಾಪ್ಟನ್ ಡೆಸ್ಮಂಡ್ ಕ್ಯಾವನಾ ಅವರ ಮಾದರಿಯಲ್ಲಿ ಚಿತ್ರಿಸಿದ್ದಾಗಿ ಹೇಳಿಕೊಂಡಿದ್ದಾರೆ. ಆಜ್ಞೆಯೇ ಸರ್ವಸ್ವವೆಂದು ನಾವು ಭಾವಿಸುವ ಸೈನ್ಯದಲ್ಲಿಯೇ, ಅಬ್ಬರವಿಲ್ಲದ ಅಧಿಕಾರಿಯೊಬ್ಬರ ಕೆಳಗೆ ದುಡಿದ ಅನುಭವದಿಂದ ಈ ನಾಯಕ ಹುಟ್ಟಿದ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಬಿನ್ನಹ. ವಿದ್ಯಾರ್ಥಿ ಪುರವಣಿಯ ಮುಂದಿನ ಸಂಚಿಕೆಗಳಲ್ಲಿ ನಾಯಕತ್ವದ ಬಗ್ಗೆ ದೊಡ್ಡವರ ಹಿತವಚನಗಳ ಬದಲು, ತಾವು ಯಾರ ಮಾತನ್ನು ಮನಸಾರೆ ಕೇಳಿದಿರಿ, ಏಕೆ ಕೇಳಿದಿರಿ ಎಂಬ ವಿಷಯವಾಗಿ ಮಕ್ಕಳಿಂದಲೇ ಬರಹಗಳನ್ನು ಆಹ್ವಾನಿಸಬೇಕು. ದಸರಾ ರಜೆಯಲ್ಲಿ ಮಕ್ಕಳು ಓದಬಹುದಾದ ಇಂಥ ಸಾಹಸ ಕಾದಂಬರಿಗಳ ಪರಿಚಯವನ್ನು, ಶಾಲಾ ಗ್ರಂಥಾಲಯಗಳು ತರಿಸಿಕೊಳ್ಳಲು ನೆರವಾಗುವಂತೆ, ಪ್ರಕಟಿಸಿದರೆ ಇನ್ನೂ ಒಳ್ಳೆಯದು. ಮುಖ್ಯೋಪಾಧ್ಯಾಯರಿಗೂ ಒಂದು ಮಾತು: ಹೊಸ ಶಾಲಾ ಸಂಸತ್ತಿನ ಸದಸ್ಯರಿಗೆ ಹೊಣೆ ಹಂಚುವಾಗ ಬೋರ್ಡಿನ ಮೇಲೆ ಹೆಸರು ಬರೆಯುವ ಕೆಲಸವನ್ನು ಕೈಬಿಟ್ಟು, ಹಲವು ದಿನ ಗೈರುಹಾಜರಾದ ಮಗುವಿನ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವ, ವರ್ಷದ ನಡುವೆ ಸೇರಿದ ಮಗುವಿಗೆ ಹಿಂದಿನ ಪಾಠಗಳ ನೋಟ್ಸ್ ಕೊಡಿಸುವ ಕೆಲಸವನ್ನು ಅವರಿಗೆ ವಹಿಸಿ ನೋಡಬೇಕು. ಮಕ್ಕಳಿಂದ ಬರುವ ಬರಹಗಳನ್ನು ಓದಿ ಆಯ್ಕೆ ಮಾಡುವುದಕ್ಕೆ ತಮಗೆ ನೆರವು ಬೇಕಾದರೆ, ನಮ್ಮ ಶನಿವಾರದ ಗುಂಪಿನ ಮಕ್ಕಳೂ ನಾನೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಮಂಡ್ಯ